ಲಾಡಿಯ ಆಚೆ ತುದಿ

ಸನ್ಮಾನ್ಯ ಅಧ್ಯಕ್ಷರೇ, ವೇದಿಕೆಯನ್ನು ಅಲಂಕರಿಸಿರುವ ಗಾದಿ-ತಲೆದಿಂಬುಗಳೇ, ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ನಮ್ಮ ಬಸವನ ಬಾಗೇವಾಡಿ ತಾಲೂಕುಗಳ ಮೂಲೆಮೂಲೆಯಿಂದ ಆಕಳಿಸುತ್ತಲೇ ಆಗಮಿಸಿರುವ ತಂದೆ-ತಾಯಂದಿರೇ, ಮಲಗು ಅಂದಾಗ ಮಲಗದೆ, ಏಳು ಅಂದಾಗ ಏಳದೆ ಈ ಮಹಾಸಭೆಗೆ ಕಾರಣರಾದ ಚಿಕ್ಕ ಮಕ್ಕಳೇ,

ನಾಲ್ಕು ತಾಲೂಕುಗಳ ನಿದ್ದೆಗೆಟ್ಟವರ ಈ ಪ್ರಥಮ ಸಮ್ಮೇಳನದಲ್ಲಿ ‘ಸಣ್ಣ ಮಕ್ಕಳು ತಾವಾಗಿಯೇ ಮಲಗುವ ಬಗೆ’ ಎಂಬ ಗಹನವಾದ ವಿಷಯದ ಮೇಲೆ ಎರಡು ಮಾತು ಆಡಲು ನನ್ನನ್ನು ಆಹ್ವಾನಿಸಿದ್ದೀರಿ. ಹಾಗೆಂದು ನಾನು ತಿಳಿದುಕೊಂಡಿದ್ದೇನೆ. ಯಾರೂ ಕರೆಯದಿದ್ದರೂ ಎದ್ದು ನಿಂತಿದ್ದೇನೆ, ಏಕೆಂದರೆ ಕೂತರೆ ನಿದ್ದೆ ಬರುತ್ತದೆ, ನಿದ್ದೆ ಬಂದರೆ ಅಂಜಿಕೆ ಬರುತ್ತದೆ.

ಮಗಳೇ ಫಿರದೋಸ, ನನ್ನ ಫಿದ್ದವ್ವಾ, ಈ ಸಭೆಯಲ್ಲಿ ಸಭಿಕಳೆಂದರೆ ನೀನೊಬ್ಬಳೇ. ಅದೂ ಇವತ್ತಲ್ಲ. ನಿನಗೆ ಈಗ ಐದು ವರ್ಷ. ಅ, ಆ, ಇ, ಈ ದಾಟಿ ನೀನು ಇನ್ನೂ ಮುಂದೆ ಹೋಗಿಲ್ಲ. ನಿನ್ನ ಹೆಸರಿನಲ್ಲಿ ಒತ್ತಕ್ಷರವಿಲ್ಲ, ನನ್ನ ಹೆಸರಿನಲ್ಲಿದೆ. ನೀನು ಅಪ್ಪನ ಹೆಸರು ಓದುವಷ್ಟು ದೊಡ್ಡವಳಾದಾಗ ಈ ಕಾಗದ ನಿನ್ನ ಕೈಗೆ ಬರಲಿ. ಆಗ ನಾನೇ ಪಕ್ಕದಲ್ಲಿ ಕುಳಿತು ಓದಿಸುವಂತಾಗಲಿ ಎಂಬುದು ನನ್ನ ಆಸೆ. ಆಗದಿದ್ದರೆ ನೀನೇ ಓದಿಕೊ. ಅದಕ್ಕಾಗಿಯೇ ದುಂಡಗೆ ಬರೆಯುತ್ತಿದ್ದೇನೆ.

ಅಂಗಡಿಯಲ್ಲಿ ಕುಳಿತಿದ್ದೇನೆ. ಮಧ್ಯಾಹ್ನದ ಹೊತ್ತು, ಗಿರಾಕಿಗಳಿಲ್ಲ. ಲಗ್ನಪತ್ರಿಕೆ, ಹುಟ್ಟುಹಬ್ಬದ ಫ್ಲೆಕ್ಸು, ಅಂಗಡಿ ಉದ್ಘಾಟನೆಯ ಬ್ಯಾನರು ಇವೆಲ್ಲವನ್ನೂ ಪ್ರಾಸ ಹಾಕಿ ಬರೆದುಕೊಡುವುದು ನಿನ್ನ ಅಪ್ಪನ ಕಸುಬು. ಮುದ್ದೇಬಿಹಾಳದ ಕಾಲೇಜಿನಲ್ಲಿ ಕನ್ನಡ ತೆಗೆದುಕೊಂಡು ಬಿ.ಎ. ಮಾಡಿದ್ದಕ್ಕೆ ಬಂದ ಫಲ ಇದು. ‘ಅಕ್ಕನ ಲಗ್ನಕ್ಕ ಬರ್ರಿ, ಅಕ್ಷತಾ ಹಾಕಿ ಹೋಗ್ರಿ’ ಎಂದು ಬರೆದರೆ ಜನರಿಗೆ ಖುಷಿ, ನನಗೆ ಹೊಟ್ಟೆಪಾಡು. ನಾಳೆ ಅಂಗಡಿಗೆ ಬೀಗ. ವಿಜಯಪುರದ ಆಸ್ಪತ್ರೆಯಲ್ಲಿ ನನ್ನನ್ನು ಮಲಗಿಸಿ, ತಲೆಗೆ, ಎದೆಗೆ, ಬೆರಳಿಗೆ ವೈರು ಅಂಟಿಸಿ, ನಾನು ಹೇಗೆ ಮಲಗುತ್ತೇನೆ ಎಂದು ನೋಡುತ್ತಾರಂತೆ. ನಲವತ್ತೈದು ವರ್ಷ ಮಲಗಿ ಎದ್ದವನಿಗೆ ಈಗ ಪರೀಕ್ಷೆ.

ನಗಬೇಡ. ನನಗೆ ಬಹಳ ಅಂಜಿಕೆಯಾಗಿದೆ.

ಮೊದಲು ನಮ್ಮ ಮನೆತನದ ವಿಷಯ ಹೇಳಿಬಿಡುತ್ತೇನೆ. ನಾವು ನದಾಫರು. ಅರಳೆ ಹಿಂಜಿ ಗಾದಿ ಮಾಡುವವರು. ಸಿಂದಗಿ ತಾಲೂಕಿನ ಕನ್ನೊಳ್ಳಿಯಲ್ಲಿ ನಿಮ್ಮಜ್ಜ ಗೈಬುಸಾಬ ಅರಳೆ ಹಿಂಜುವ ಬಿಲ್ಲು ಹಿಡಿದು ಕುಳಿತರೆ ಓಣಿಯ ತುಂಬ ಟಂಯ್, ಟಂಯ್ ಎಂಬ ಸದ್ದು, ಗಾಳಿಯ ತುಂಬ ಹತ್ತಿಯ ನವಿರು. ಲಗ್ನದ ಗಾದಿ ಇರಲಿ, ಬಾಣಂತಿಯ ಗಾದಿ ಇರಲಿ, ಸುತ್ತಲಿನ ಹಳ್ಳಿಯವರು ಅವನ ಹತ್ತಿರವೇ ಬರುತ್ತಿದ್ದರು. ಊರಿಗೆಲ್ಲ ನಿದ್ದೆ ಹಂಚಿದ ಮನೆ ನಮ್ಮದು. ಸ್ವತಃ ಅಜ್ಜನ ನಿದ್ದೆಯೂ ಹಾಗೇ ಇತ್ತು. ಅವನ ಗೊರಕೆ ಬಿಲ್ಲಿನ ಸದ್ದಿಗಿಂತ ಒಂದು ಕೈ ಜೋರು. ‘ಹಗಲಿ ಬಿಲ್ಲ ಬಾರಸ್ತಾನ, ರಾತ್ರಿ ಮೂಗ ಬಾರಸ್ತಾನ’ ಎಂದು ಜನ ನಗುತ್ತಿದ್ದರು. ಈಗಿನ ನನ್ನ ವಯಸ್ಸಿಗೇ ಅವನು ನಿದ್ದೆಯಲ್ಲಿ ತೀರಿಕೊಂಡ. ‘ನಿದ್ದ್ಯಾಗ ಹೋದ, ಪುಣ್ಯವಂತ’ ಎಂದು ನನ್ನನ್ನು ಹೆತ್ತ ನಿನ್ನ ಆಯಿ ಇವತ್ತಿಗೂ ಹೇಳುತ್ತಾಳೆ. ಊರವರೂ ಹಾಗೇ ಹೇಳಿದರು. ಕೇಳಿದವರಿಗೆ ನಾನೂ ಹಾಗೇ ಹೇಳುತ್ತೇನೆ.

ಸಭಿಕರೇ, ಮುಂದಿನ ವಿಷಯಕ್ಕೆ ಬರೋಣ.

ಮುಂದಿನ ವಿಷಯ ನೀನು. ಹಾಸಿಗೆ ಹಾಸಿದ ಕೂಡಲೇ ನಿನಗೆ ಎಲ್ಲಿಲ್ಲದ ಕೆಲಸಗಳು ನೆನಪಾಗುತ್ತವೆ. ನೀರು ಬೇಕು. ನೀರು ಕುಡಿದ ಮೇಲೆ ಬಚ್ಚಲಿಗೆ ಹೋಗಬೇಕು. ಬಚ್ಚಲಿಂದ ಬಂದ ಮೇಲೆ ಗೊಂಬೆಗೂ ನೀರು ಬೇಕು. ಕಥೆ ಹೇಳಿದರೆ, ರಾಜ ಸತ್ತ ಮೇಲೂ ‘ಆಮ್ಯಾಲೇನಾತು?’ ಅನ್ನುತ್ತೀ. ‘ಆಮ್ಯಾಲ ಎಲ್ಲಾರೂ ಮಲಕೊಂಡ್ರು’ ಎಂದು ನಾನು ಕೈ ಮುಗಿದರೆ, ‘ಮುಂಜಾನೆ ಎಲ್ಲಾರೂ ಎದ್ರೋ ಇಲ್ಲೋ?’ ಎಂದು ಕೇಳುತ್ತೀ. ಅದನ್ನು ನಾವೆಲ್ಲ ತುಂಟತನ ಅಂದುಕೊಂಡೆವು. ಕಡೆಗೆ ನನ್ನ ಎದೆಯ ಮೇಲೆ ಒಂದು ಕಾಲು ಹಾಕಿ, ನನ್ನ ಮೀಸೆಯ ಮೇಲೆ ಒಂದು ಬೆರಳಿಟ್ಟು ಮಲಗುತ್ತಿದ್ದೆ. ಮಲಗಿದ ಮೇಲಾದರೂ ಸುಮ್ಮನಿರುತ್ತೀಯಾ? ಒದೆಯುತ್ತಿದ್ದೆ. ನಾನು ಹೊರಳಿದರೆ ಮತ್ತೆ ಒದೆಯುತ್ತಿದ್ದೆ. ನಾನು ನಿನಗಾಗಿ ಕಟ್ಟಿದ ಜೋಗುಳ ಒಂದೂ ಕೆಲಸಕ್ಕೆ ಬರಲಿಲ್ಲ:

ಅಜ್ಜ ಹಿಂಜಿದ ಅರಳಿ,
ನಿದ್ದಿ ಬಂತು ಮರಳಿ,
ಕಣ್ಣ ಮುಚ್ಚ ಫಿದ್ದವ್ವಾ,
ಹಗಲು ಬರತೈತಿ ಹೊರಳಿ.

ನಿನ್ನ ಅವ್ವ ಫರಹತ ಇದಕ್ಕೆಲ್ಲ ಒಂದೇ ಕಾರಣ ಕಂಡುಹಿಡಿದಿದ್ದಳು. “ನಿಮ್ಮ ಗೊರಕಿಗಿ ಓಣ್ಯಾನ ನಾಯಿಗೋಳೂ ಬ್ಯಾರೆ ಓಣಿ ಹಿಡದಾವ್ರಿ. ಈ ಕೂಸಿಗೆ ಹ್ಯಾಂಗ ನಿದ್ದಿ ಹತ್ತಬೇಕು?” ಎಂದಳು. ನಿನ್ನ ಆಯಿ ದೃಷ್ಟಿಯಾಗಿದೆ ಎಂದಳು. ಪಕ್ಕದ ಮನೆಯ ಸಿದ್ದಲಿಂಗವ್ವ ಉಪ್ಪು, ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. ಘಾಟಿಗೆ ಇಡೀ ಮನೆ ಕೆಮ್ಮಿತು. ಕೆಮ್ಮಿದ್ದಕ್ಕೆ ದೃಷ್ಟಿ ದೊಡ್ಡದಿತ್ತು ಎಂದು ತೀರ್ಮಾನವಾಯಿತು. ಆ ದಿನವೂ ನೀನು ಒದ್ದೆ.

ಇನ್ನು ನನ್ನ ಹಗಲಿನ ಅವಸ್ಥೆ ನಿನಗೆ ಗೊತ್ತಿಲ್ಲ. ಅಂಗಡಿಯ ಕುರ್ಚಿಯಲ್ಲಿ ಕುಳಿತಲ್ಲೇ ಕಣ್ಣು ಮುಚ್ಚುತ್ತಿದ್ದವು. ಕಿರಾಣಿ ಅಂಗಡಿಯ ರಾಚಪ್ಪನ ಮಗಳ ಲಗ್ನಪತ್ರಿಕೆ ಟೈಪು ಮಾಡುವಾಗ ಬೆರಳು ಒಂದೇ ಕೀಲಿಯ ಮೇಲೆ ಉಳಿದುಬಿಟ್ಟಿತು. ಎದ್ದು ನೋಡಿದರೆ ಪುಟದ ತುಂಬ ‘ರ’. ರಾಚಪ್ಪ ನಿಂತು ಓದಿ, “ಶಮಶುದ್ದೀನಣ್ಣಾ, ‘ಬರ್ರಿ’ ಅಂದಿದ್ರ ಸಾಕಾಗಿತ್ತು. ಇಷ್ಟ ಎಳದು ಕರದ್ರ ಊಟ ಸಾಲೂದಿಲ್ಲಪಾ” ಎಂದ. ನಾನೂ ನಕ್ಕೆ. ಆದರೆ ಎಚ್ಚರಾದ ಆ ಕ್ಷಣದಲ್ಲಿ ಬಾವಿಯಿಂದ ಮೇಲೆ ಬಂದವನ ಹಾಗೆ ಗಾಳಿ ಎಳೆದುಕೊಂಡಿದ್ದೆ. ಎದೆ ಡವಗುಟ್ಟುತ್ತಿತ್ತು. ಅದನ್ನು ರಾಚಪ್ಪನಿಗೆ ಹೇಳಲಿಲ್ಲ. ಯಾರಿಗೂ ಹೇಳಲಿಲ್ಲ. ಮನೆಯಲ್ಲಿ ಮಲಗುವ ಹೊತ್ತಾದರೆ ನಿನಗಿಂತ ನನ್ನ ಆಟವೇ ಹೆಚ್ಚಾಯಿತು. ಚಿಲಕ ನೋಡಿದೆ, ಗ್ಯಾಸು ನೋಡಿದೆ, ನೀರು ಕುಡಿದೆ, ಮತ್ತೆ ಚಿಲಕ ನೋಡಿದೆ. ಮಲಗದಿರಲು ನೆಪ ಹುಡುಕುವವರು ನಮ್ಮ ಮನೆಯಲ್ಲಿ ಇಬ್ಬರಿದ್ದರು. ಬೈಸಿಕೊಂಡವಳು ಮಾತ್ರ ನೀನೊಬ್ಬಳೇ.

ಆಮೇಲೆ ಆ ಕೌದಿಯ ಪ್ರಸಂಗ. ಒಂದು ರವಿವಾರ ಮಧ್ಯಾಹ್ನ ನಡುಮನೆಯಲ್ಲಿ ಚಾಪೆಯ ಮೇಲೆ ಅಡ್ಡಾಗಿದ್ದೆ. ನೀನು ಮೆಲ್ಲಗೆ ಬಂದು, ಆಯಿ ಹಳೆ ಸೀರೆಗಳಿಂದ ಹೊಲಿದ ನಿನ್ನ ಕೌದಿಯನ್ನು ಎಳೆದು ತಂದು, ನನ್ನ ಕುತ್ತಿಗೆಯವರೆಗೂ ಹೊದಿಸಿದೆ. ಎಚ್ಚರಾಯಿತು. ಎಚ್ಚರಾಗಿ ನಾನು ಕೂಗಿದ ಕೂಗಿಗೆ ಅಡಿಗೆಮನೆಯಿಂದ ಫರಹತ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. “ಯಾರು ಹೇಳಿದ್ರು ನಿನಗ ನನಗ ಹೊಚ್ಚಂತ? ಯಾರು?” ಎಂದು ಕೌದಿಯನ್ನು ಮೂಲೆಗೆ ಎಸೆದೆ. ನೀನು ಬಾಯಿ ತೆರೆದು ನಿಂತಿದ್ದೆ. “ಏನಾತ್ರಿ ನಿಮಗ? ಪಾಪ, ಕೂಸು ಮಾಯಾ ಮಾಡಿ ಹೊಚ್ಚೈತಿ” ಎಂದಳು ಅವ್ವ. “ಇಂಥಾ ಬಿಸಿಲಾಗ ಕೌದಿ ಯಾಕ?” ಎಂದು ಒದರಿ ಹೊರಗೆ ಹೋಗಿಬಿಟ್ಟೆ. ಬಿಸಿಲಿನ ಮೇಲೆ ಹಾಕಿದರೆ ನಮ್ಮ ಕಡೆ ಯಾವ ಮಾತೂ ನಿಲ್ಲುತ್ತದೆ.

ಮರುದಿನವೇ ನನ್ನ ಸುಧಾರಣಾ ಚಳವಳಿ ಆರಂಭವಾಯಿತು. ಜೂನಿನಲ್ಲಿ ಸಾಲಿಗೆ ಹೋಗುವ ಹುಡುಗಿ ಬೇರೆ ಗಾದಿಯ ಮೇಲೆ, ತಾನೇ ತಾನಾಗಿ ಮಲಗಬೇಕು ಎಂದು ಸಾರಿದೆ. ‘ಬೇರೆ ಹಾಸಿಗಿ, ಭಯ ಹೋಗಲಿ ಸಾಗಿ’ ಎಂದು ಘೋಷಣೆಯನ್ನೂ ಕಟ್ಟಿದೆ. ಆಯಿಗೆ ಇದು ಯಾವ ಲೋಕದ ಪದ್ಧತಿ ಎಂದು ತಿಳಿಯಲಿಲ್ಲ. “ಗಾದಿ ಮಾಡೋರ ಮನ್ಯಾಗ ಕೂಸಿಗೆ ಜಾಗಾ ಕಡಿಮಿ ಆತೇನೋ? ನೀ ನಿಮ್ಮಪ್ಪನ ಬಗಲಾಗ ಬೆಳದಾಂವ. ಈಗ ನಿನ್ನ ಮಗಳಿಗೆ ಬಗಲ ಇಲ್ಲೇನು?” ಎಂದಳು. ನಾನು ಅದಕ್ಕೂ ಏನೋ ಒಂದು ಪ್ರಾಸ ಹೇಳಿ ಪಾರಾದೆ. ಏನು ಹೇಳಿದೆ ಎಂಬುದು ನೆನಪಿಲ್ಲ.

ಅಜ್ಜನ ನಂತರ ನಮ್ಮ ಮನೆಯಲ್ಲಿ ಯಾರೂ ಗಾದಿ ಮಾಡಿರಲಿಲ್ಲ. ನಿನಗಾಗಿ ನಾನು ಮಾಡಿದೆ. ಅರಳೆಯನ್ನು ಮಷೀನಿನಲ್ಲಿ ಹಿಂಜಿಸಿ ತಂದೆ, ಅರಳೆ ತುಂಬುವ ಖೋಳಿಗೆ ಹೂವಿನ ಬಟ್ಟೆ ತಂದೆ, ದಬ್ಬಣ ಹಿಡಿದು ಹೊಲಿದೆ. ಒಂದು ಮೂಲೆ ಗಟ್ಟಿ, ಒಂದು ಮೂಲೆ ಮೆತ್ತಗೆ. ಆಯಿ ಕೈಯಾಡಿಸಿ ನೋಡಿ, “ನಿಮ್ಮಪ್ಪ ಇದ್ದಿದ್ರ ಇದನ್ನ ಎಮ್ಮಿಗೆ ಹಾಸಂತಿದ್ದ” ಎಂದಳು. ಅದನ್ನು ಒಳಗಿನ ಕೋಣೆಯಲ್ಲಿ, ಆಯಿಯ ಮಂಚದ ಪಕ್ಕದಲ್ಲಿ ಹಾಸಿದೆವು. ಅವ್ವನೂ ಅಲ್ಲೇ, ನಾನೊಬ್ಬನೇ ನಡುಮನೆಯಲ್ಲಿ. ನಡುವೆ ತೆರೆದ ಬಾಗಿಲು.

ನೀನು ಒಪ್ಪಲಿಲ್ಲ. ಅತ್ತೆ, ಹೊರಳಾಡಿದೆ, ಗಾದಿಯನ್ನೇ ಎಳೆದುಕೊಂಡು ನಡುಮನೆಗೆ ಬಂದೆ. ಕಡೆಗೆ ಉಪಾಯ ಹೇಳಿದವಳೂ ನೀನೇ. ಅವ್ವ ಪೈಜಾಮಕ್ಕೆಂದು ತಂದಿದ್ದ ಲಾಡಿಯ ಉಂಡೆ ಹಿಡಿದುಕೊಂಡು ಬಂದು, “ಅಪ್ಪಾ, ಈ ಕಡಿ ನಿನ್ನ ಕಾಲಿಗೆ ಕಟ್ಟೂಣು, ಆ ಕಡಿ ನನ್ನ ಕೈಗೆ. ನಾ ಜಗ್ಗಿದ್ರ ನೀನೂ ಜಗ್ಗಬೇಕ ನೋಡು” ಎಂದೆ. ನನ್ನ ಹೆಬ್ಬೆರಳಿಗೆ ಗಂಟು ಹಾಕಿದೆ. ದೀಪ ಆರಿಸಿದ ಮೇಲೆ ನೀನು ಜಗ್ಗಿದೆ. ನಾನು ಕಾಲು ಜಗ್ಗಿದೆ. ನೀನು ಮತ್ತೆ ಜಗ್ಗಿದೆ, ನಾನು ಮತ್ತೆ ಜಗ್ಗಿದೆ. ಆಮೇಲೆ ನೀನು ಸುಮ್ಮನಾದೆ. ಕತ್ತೆತ್ತಿ ನೋಡಿದರೆ ನಿನಗೆ ನಿದ್ದೆ ಹತ್ತಿತ್ತು! ಚಳವಳಿ ಗೆದ್ದಿತ್ತು. ಸಿದ್ದಲಿಂಗವ್ವ ಬಂದು ಲಾಡಿಯನ್ನು ನೋಡಿ, “ಅಯ್ಯ, ಅಪ್ಪನ್ನ ಆಕಳ ಕಟ್ಟಿದಂಗ ಕಟ್ಟ್ಯಾಳಲ್ಲವ್ವ ಈಕಿ!” ಎಂದು ಸೆರಗು ಬಾಯಿಗೆ ಹಿಡಿದುಕೊಂಡು ನಕ್ಕಳು.

ನಾನು ಅದನ್ನು ಆಟ ಅಂದುಕೊಂಡಿದ್ದೆ, ಫಿದ್ದವ್ವಾ.

ಆಯಿಗೆ ಮಗನ ಮೇಲೆ ಕನಿಕರ ಬಂದದ್ದರಿಂದ ಎಲ್ಲ ಬಯಲಾಯಿತು. ಹೆಬ್ಬೆರಳು ಬಾತಿತ್ತು, ಹಗಲೆಲ್ಲ ತೂಕಡಿಸುತ್ತಿದ್ದೆ. ಇವನಿಗೊಂದಿಷ್ಟು ನೆಮ್ಮದಿಯ ನಿದ್ದೆಯಾಗಲಿ ಎಂದು ಅವಳು ನನಗೆ ನಿದ್ದೆ ಹತ್ತಿದ ಮೇಲೆ ಲಾಡಿ ಬಿಚ್ಚಿ, ಆ ತುದಿಯನ್ನು ಕುರ್ಚಿಯ ಕಾಲಿಗೆ ಕಟ್ಟಿಬಿಟ್ಟಳು. ತಾಯಿಯ ಕೆಲಸ. ಇದರಲ್ಲಿ ತಪ್ಪೇನಿದೆ? ನೀನು ಎಚ್ಚರಾಗಿ ಜಗ್ಗಿದೆ. ಕುರ್ಚಿ ಯಾಕೆ ಜಗ್ಗೀತು? ನೀನು ಮತ್ತೆ ಜಗ್ಗಿದೆ. ಆಚೆ ತುದಿ ಕಲ್ಲಿನ ಹಾಗೆ ಸುಮ್ಮನಿತ್ತು.

ನನಗೆ ಗೊತ್ತಾದದ್ದು ನನ್ನ ಎದೆಯ ಮೇಲೆ ನಿನ್ನ ಎರಡೂ ಮುಷ್ಟಿ ಬೀಳುವಾಗ. ನೀನು ಕೂಗುತ್ತಿದ್ದೆ. ಕೂಗಿನಲ್ಲಿ ಮಾತಿರಲಿಲ್ಲ. ನಾನು ಗಾಳಿಯನ್ನು ಎಳೆದುಕೊಂಡ ಸದ್ದಿಗೆ ನಾನೇ ಬೆಚ್ಚಿದೆ. ಎಲ್ಲರೂ ಎದ್ದರು, ಎಲ್ಲರೂ ನಿನ್ನನ್ನೇ ಬೈದರು. ಹಟಮಾರಿ ಎಂದರು. ಅವ್ವ ಕೈ ಎತ್ತಿದಳು, ಆಯಿ ಅಡ್ಡ ಬಂದಳು. ನೀನು ನನ್ನ ಮೂಗಿನ ಕೆಳಗೆ ಬೆರಳಿಟ್ಟುಕೊಂಡು ಕುಳಿತೆ. ನಾನೂ ಬೈದೆ. ಬೈಯುವಾಗ ನನ್ನ ಉಸಿರು ನಿನ್ನ ಬೆರಳಿಗೆ ತಾಗುತ್ತಿತ್ತು. ನೀನು ಬೈಗುಳ ಕೇಳುತ್ತಿರಲಿಲ್ಲ, ಉಸಿರನ್ನು ಮುಟ್ಟಿ ನೋಡುತ್ತಿದ್ದೆ. ಅದು ನನಗೆ ಆಗ ಹೊಳೆಯಲಿಲ್ಲ.

ಹೊಳೆದದ್ದು ಬಸ್ಸಿನಲ್ಲಿ. ಆ ವಾರವೇ ನಾವಿಬ್ಬರೂ ಮುದ್ದೇಬಿಹಾಳಕ್ಕೆ, ನಿನ್ನ ಅಜ್ಜಿಯ ಮನೆಗೆ ಹೊರಟಿದ್ದೆವು. ಅವ್ವ ಮೊದಲೇ ಹೋಗಿದ್ದಳು. ಕಿಟಕಿಯ ಪಕ್ಕ ನೀನು, ನಡುವೆ ನಾನು, ಈ ಕಡೆ ಸೊಪ್ಪಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡ ಯಲ್ಲವ್ವ ಎಂಬ ಹೆಂಗಸು. ಬಸ್ಸು ಊರು ದಾಟುವ ಮೊದಲೇ ನನಗೆ ನಿದ್ದೆ. ಎಚ್ಚರಾದಾಗ ನಿನ್ನ ಬೆರಳು ನನ್ನ ಮೂಗಿನ ಕೆಳಗಿತ್ತು, ಸುತ್ತಲಿನವರು ನಗುತ್ತಿದ್ದರು. ನಾಚಿಕೆಗೆ ಕಣ್ಣು ತೆರೆಯಲಿಲ್ಲ. ಹಾಗೇ ಕೇಳುತ್ತ ಕುಳಿತೆ.

“ಏನವಾ ತಂಗಿ, ಅಪ್ಪನ ಮೂಗಿಗೆ ಬೆಳ್ಳ ಇಟ್ಟೀದಿ? ನಶ್ಯ ಏರಸ್ತೀಯೇನು?” ಎಂದು ಯಲ್ಲವ್ವ ಕೇಳಿದಳು.

“ಉಸರಾ ಬರತೈತೇನ ನೋಡಾಕತ್ತೇನ್ರಿ.”

“ಬರಲಾರದ ಎಲ್ಲಿ ಹೋಗತೈತಿ? ಬಸ್ಸಿಗಿಂತ ಜೋರ ಸಪ್ಪಳ ಮಾಡಾಕತ್ತಿದ್ನಲ್ಲ ನಿಮ್ಮಪ್ಪ.”

“ಸಪ್ಪಳ ಇದ್ರ ಚಿಂತಿಲ್ರಿ. ನಾನೂ ಮಲಗತೇನಿ. ಒಮ್ಮೊಮ್ಮೆ ಗೊರಕಿ ಬಂದ್ ಆಕ್ಕೈತಿ. ಆವಾಗ ಉಸರಾನೂ ಬಂದ್ ಆಕ್ಕೈತಿ. ನಾ ಒದ್ರ ಮತ್ತ ಚಾಲೂ ಆಕ್ಕೈತಿ.”

ಕಂಡಕ್ಟರ್ ಹಿಂದಿನಿಂದ, “ಡ್ರೈವರ್ ಸಾಹೇಬ್ರ, ಸಾವಕಾಶ ಹೊಡೀರಿ, ಡಾಕ್ಟರಬಾಯಾರು ಡ್ಯೂಟಿ ಮ್ಯಾಲದಾರ!” ಎಂದ. ಬಸ್ಸೆಲ್ಲ ಮತ್ತೆ ನಕ್ಕಿತು. ಯಲ್ಲವ್ವ ಮಾತ್ರ ನಗಲಿಲ್ಲ.

“ಇದನ್ನ ಮನ್ಯಾಗ ಹೇಳಿಯೇನ ನನ ಕೂಸ?”

“ಇಲ್ರಿ. ಅವ್ವ ಅಂಜತಾಳ.”

“ಅಪ್ಪಗರೆ ಹೇಳಬೇಕಿಲ್ಲ?”

ನಿನ್ನ ಬೆರಳು ನನ್ನ ಮೂಗಿಗೆ ಇನ್ನಷ್ಟು ಹತ್ತಿರ ಬಂತು. ಆಮೇಲೆ ಹೇಳಿದೆ: “ಅಪ್ಪ ಭಾಳ ಅಂಜತಾನ್ರಿ.”

ಕಣ್ಣು ಮುಚ್ಚಿಕೊಂಡೇ ಮುದ್ದೇಬಿಹಾಳ ತಲುಪಿದೆ. ದಾರಿಯುದ್ದಕ್ಕೂ ಗೊರಕೆ ಹೊಡೆದೆ. ಸುಳ್ಳು ಗೊರಕೆ. ನೀನು ಬೆರಳು ತೆಗೆದು, ನನ್ನ ತೋಳಿಗೆ ಒರಗಿ, ಗಾಢವಾಗಿ ಮಲಗಿಬಿಟ್ಟೆ. ಗೊರಕೆಯಿಂದ ನಿನ್ನ ನಿದ್ದೆ ಕೆಡುತ್ತದೆ ಎಂದುಕೊಂಡವರು ನಾವು. ನೀನು ಗೊರಕೆಯನ್ನು ಜೋಗುಳದ ಹಾಗೆ ಕೇಳುತ್ತ ಮಲಗುವವಳು. ಅದು ನಿಂತರೆ ಎಚ್ಚರಾಗುವವಳು. ಆ ನೀರು, ಆ ಬಚ್ಚಲು, ಆ ‘ಆಮ್ಯಾಲೇನಾತು’, ಎಲ್ಲವೂ ನನ್ನನ್ನು ಮಲಗಗೊಡದಿರಲು ನೀನು ಹೂಡಿದ ಕಾವಲು. ಐದು ವರ್ಷದ ಕೂಸು ಎಷ್ಟು ದಿನದಿಂದ ನಿದ್ದೆಗೆಟ್ಟು ನನ್ನನ್ನು ಕಾಯುತ್ತಿತ್ತೋ ಏನೋ, ಮನೆಯ ದೊಡ್ಡವರು ಉಪ್ಪು, ಮೆಣಸಿನಕಾಯಿ ಇಳಿಸುತ್ತಿದ್ದೆವು.

ಪ್ರಾಸದವನು ನಾನು. ಉಸಿರಿಗೆ ಪ್ರಾಸ ಬೇಕಾದಷ್ಟಿವೆ: ಹೆಸರು, ಹಸಿರು, ಮೊಸರು, ಕೆಸರು. ನಿಂತ ಉಸಿರಿಗೆ ಮಾತ್ರ ಒಂದೂ ಸಿಗಲಿಲ್ಲ.

ವಿಜಯಪುರದ ಡಾಕ್ಟರರು ಗಂಟಲಿಗೆ ಬೆಳಕು ಬಿಟ್ಟು ನೋಡಿದರು, ಕುತ್ತಿಗೆಗೆ ಟೇಪು ಹಿಡಿದರು. “ನಿದ್ದ್ಯಾಗ ಉಸಿರು ಕಟ್ಟತೈತಿ ಅಂತ ಮೊದಲು ಯಾರು ನೋಡಿದ್ರು?” ಎಂದು ಕೇಳಿದರು. ಮಗಳು ಎಂದೆ. “ಏನ್ ಓದ್ಯಾಳ?” ಎಂದರು. “ಅ ಆ ಇ ಈ” ಎಂದೆ. ಅವರು ಪೆನ್ನು ಕೆಳಗಿಟ್ಟರು. ಇದಕ್ಕೆ ಉಪಾಯವಿದೆ, ಮೂಗಿಗೆ ಮುಖವಾಡದಂಥದ್ದು ಹಾಕಿಕೊಂಡು ಮಲಗಿದರೆ ಮಷೀನು ಗಾಳಿ ಒತ್ತುತ್ತಿರುತ್ತದೆ, ಬಹಳ ಜನ ಹಾಕಿಕೊಂಡು ಆರಾಮಾಗಿದ್ದಾರೆ, ಆದರೆ ಇನ್ನು ತಡ ಮಾಡಬೇಡಿ ಎಂದರು. ‘ತಡ ಮಾಡಿದರೆ ಏನಾಗುತ್ತದೆ’ ಎಂದು ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು.

ಮನೆಗೆ ಬಂದು ನಿನಗೆ ಹೇಳಿದೆ, ಇನ್ನು ನೀನು ಕಾಯಬೇಕಾಗಿಲ್ಲ ಎಂದು.

“ಮತ್ತ ಯಾರ ಕಾಯತಾರ?”

“ಮಷೀನ ಕಾಯತೈತಿ.”

“ಅದಕ್ಕ ನಿದ್ದಿ ಬರೂದಿಲ್ಲೇನ?”

“ಇಲ್ಲವ್ವ, ಅದಕ್ಕ ನಿದ್ದಿನ ಬರೂದಿಲ್ಲ.”

ನೀನು ತಲೆ ತಗ್ಗಿಸಿ ಯೋಚಿಸಿದೆ. “ಕರೆಂಟ್ ಹೋದ್ರ?”

ನಮ್ಮ ಊರಿನ ಕರೆಂಟಿನ ಮೇಲೆ ಆಣೆ ಇಡುವ ಧೈರ್ಯ ಯಾವ ಅಪ್ಪನಿಗಿದೆ? ಬ್ಯಾಟರಿ ಇಡಿಸುತ್ತೇನೆ ಎಂದೆ. ನೀನು ನಂಬಲಿಲ್ಲ.

ಎಲ್ಲ ತಿಳಿದ ಮೇಲೆ ಫರಹತ ನಿನ್ನನ್ನು ಅಪ್ಪಿಕೊಂಡು ಅತ್ತಳು. ಕೈ ಎತ್ತಿದ್ದಕ್ಕೆ ತನ್ನ ಕೈಯನ್ನೇ ಹಣೆಗೆ ಬಡಿದುಕೊಂಡಳು. ಆಯಿ ಲಾಡಿಯನ್ನು ಒಗೆದು, ಸುತ್ತಿ, ನಿನ್ನ ಕೈಗೆ ಕೊಟ್ಟಳು. ಇಬ್ಬರೂ ಸೇರಿ ನಿನ್ನ ಗಾದಿಯನ್ನು ಎತ್ತಿ ತಂದು ನನ್ನ ಗಾದಿಯ ಪಕ್ಕ ಹಾಸಿದರು. “ಆತಲ್ಲ, ಇನ್ನ ಕೂಸು ನಿಮ್ಮ ಬಗಲಾಗ ಮಲಗ್ಲಿ. ಮಷೀನ ಬರೂ ತನಕಾರೆ ಮಲಗ್ಲಿ” ಎಂದಳು ಅವ್ವ.

ನಾನು ಗಾದಿಯನ್ನು ಮತ್ತೆ ಒಳಗೆ ಒಯ್ದು ಹಾಕಿದೆ.

ಮೂವರೂ ನನ್ನನ್ನು ನೋಡಿದ ಬಗೆ ಮರೆಯಲಾರೆ. ನೀನು “ಯಾಕಪ್ಪಾ? ನಾ ಇನ್ನ ಒದೆಂಗಿಲ್ಲ” ಎಂದೆ. ನಾನು ಸಾಲಿಯ ಮಾತು ತೆಗೆದೆ, ಧೈರ್ಯದ ಮಾತು ತೆಗೆದೆ, ದೊಡ್ಡ ಹುಡುಗಿಯ ಮಾತು ತೆಗೆದೆ. ಆಯಿ ಕೇಳಿ ಕೇಳಿ, “ನಿನ್ನ ಎದಿ ಕಲ್ಲ ಆಗೈತಿ” ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ನಿಜವಾದ ಕಾರಣವನ್ನು ಅವಳಿಗೂ ನಾನು ಹೇಳಿಲ್ಲ. ಹೇಳಿದರೆ ಅವಳು ಇಷ್ಟು ವರ್ಷ ಹೇಳಿಕೊಂಡು ಬಂದ ‘ಪುಣ್ಯವಂತ’ ಎಂಬ ಒಂದು ಮಾತನ್ನೂ ಕಸಿದುಕೊಂಡಂತಾಗುತ್ತದೆ.

ಇವತ್ತು ಮನೆಗೆ ಬಂದು ಲಾಡಿ ಕಟ್ಟಿಸಿಕೊಳ್ಳುತ್ತೇನೆ. ಕುರ್ಚಿಗೆ ಕಟ್ಟಬೇಡ ಎಂದು ಆಯಿಗೆ ಹೇಳಿದ್ದೇನೆ. ನಾಳೆ ಆಸ್ಪತ್ರೆಯಲ್ಲಿ ಲಾಡಿ ಇರುವುದಿಲ್ಲ, ವೈರು ಇರುತ್ತದೆ. ಅದರ ಆಚೆ ತುದಿಯಲ್ಲಿ ಎಚ್ಚರಿರುವ ಮನುಷ್ಯರೂ ಇರುತ್ತಾರಂತೆ. ಮಷೀನು ಬಂದ ಮೇಲೂ ನಿನಗೆ ಬೇಕಾದಷ್ಟು ದಿನ ಲಾಡಿ ಇರಲಿ. ಆದರೆ ಒಂದು ಕರಾರು, ಇದನ್ನು ನಿನಗೆ ಬಾಯಲ್ಲೂ ಹೇಳುತ್ತೇನೆ. ನೀನು ಜಗ್ಗಿದಾಗ ನಾನು ಜಗ್ಗದಿದ್ದರೆ ನೀನು ನನ್ನ ಹತ್ತಿರ ಬರಬೇಡ. ಒದೆಯಬೇಡ. ಬೆರಳು ಇಡಬೇಡ. ಅವ್ವನನ್ನು ಎಬ್ಬಿಸು. ಅವಳು ಬರಲಿ. ನೀನು ಆಯಿಯ ಮಂಚ ಹತ್ತಿ ಅವಳ ಬಗಲಲ್ಲಿ ಕುಳಿತುಕೊ.

ಯಾಕೆ ಎಂದು ಕೇಳುತ್ತೀ. ಕೇಳಿಯೇ ಕೇಳುತ್ತೀ.

ಸನ್ಮಾನ್ಯ ಅಧ್ಯಕ್ಷರೇ, ಸಭಿಕರೇ... ಇಲ್ಲ. ಭಾಷಣ ಮುಗಿಯಿತು. ಸಾಲಿಯ ಮಾತು ಸುಳ್ಳು, ಧೈರ್ಯದ ಮಾತು ಸುಳ್ಳು. ಫಿದ್ದವ್ವಾ, ಕನ್ನೊಳ್ಳಿಯಲ್ಲಿ ಆ ಬೆಳಿಗ್ಗೆ ನಿಮ್ಮಜ್ಜನ ಎದೆಯ ಮೇಲೆ ಕಾಲು ಹಾಕಿಕೊಂಡು ಮಲಗಿದ್ದವನು ನಾನು. ನಿನಗಿಂತ ತುಸು ದೊಡ್ಡವನು. ಆಯಿ ಇಂಡಿಗೆ, ತವರಿಗೆ ಹೋಗಿದ್ದಳು. ಎಚ್ಚರಾದಾಗ ಅಪ್ಪನ ಮೈ ತಣ್ಣಗಿತ್ತು. ಚಳಿಯಾಗಿರಬೇಕು ಎಂದು ನನ್ನ ಕೌದಿಯನ್ನೂ ಅವನಿಗೆ ಹೊದಿಸಿದೆ, ಕುತ್ತಿಗೆಯವರೆಗೂ. ಗೊರಕೆ ಇರಲಿಲ್ಲ. ಇವತ್ತು ಅಪ್ಪನಿಗೆ ಚಲೋ ನಿದ್ದೆ ಬಂದಿದೆ ಎಂದು ಖುಷಿಯಾಗಿ ಹೊಸ್ತಿಲ ಮೇಲೆ ಕುಳಿತೆ. ಗಾದಿ ಕೇಳಲು ಬಂದವರಿಗೆಲ್ಲ, ‘ಹಗೂರಕ ಮಾತಾಡ್ರಿ, ನಮ್ಮಪ್ಪ ಮಲಗ್ಯಾನ’ ಎಂದೆ. ಮಧ್ಯಾಹ್ನದ ಬಸ್ಸಿಗೆ ಆಯಿ ಬಂದಿಳಿಯುವವರೆಗೂ ಯಾರಿಗೂ ಅವನನ್ನು ಎಬ್ಬಿಸಲು ಬಿಡಲಿಲ್ಲ.

ಸಾಯುವ ಅಂಜಿಕೆ ನನಗಿದೆ, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕಿಂತ ದೊಡ್ಡ ಅಂಜಿಕೆ ಒಂದಿದೆ. ಒಂದು ಬೆಳಿಗ್ಗೆ ನೀನು ಎದ್ದು ನನಗೆ ಕೌದಿ ಹೊದಿಸಬಾರದು. ಅಷ್ಟೇ.

ಮಲಗು ನನ್ನವ್ವಾ. ಹಿಂಜಿದ ಅರಳೆಯ ಹಾಗೆ ಹಗುರಾದ ನಿದ್ದೆ ನಿನಗೆ ಬರಲಿ. ನೀನು ಕಣ್ಣು ತೆರೆದಾಗಲೆಲ್ಲ ಮನೆಯವರ ಮೈ ಬೆಚ್ಚಗಿರಲಿ, ಮನೆಯ ತುಂಬ ಸಪ್ಪಳವಿರಲಿ.

ಲಾಡಿಯ ಆಚೆ ತುದಿಯಿಂದ,
ನಿನ್ನ ಅಪ್ಪ
ಶಮಶುದ್ದೀನ